ಮೊದಲ ಪಾಠಶಾಲೆ, ಕೊನೆಯ ಪಾಠಶಾಲೆ

ಮನೆಯೇ ಮೊದಲ ಪಾಠಶಾಲೆ ಎಂಬ ಮಾತನ್ನು ನಮ್ಮ ಶಾಲೆಗಳ ಗೋಡೆಯ ಮೇಲೆ ಬರೆಸುವುದು ರೂಢಿ. ಮಾತು ನಿಜವೇ. ಆದರೆ ಕೆಲವು ಮಕ್ಕಳಿಗೆ ಕೊನೆಯ ಪಾಠಶಾಲೆಯೂ ಮನೆಯೇ ಆಗಿಬಿಡುತ್ತದೆ. ನಡೆಯಲಾರದ, ಕಣ್ಣು ಕಾಣದ, ಕಿವಿ ಕೇಳದ, ಮಾತು ತಡೆಯುವ ಮಕ್ಕಳು ಅವರು. ಅಂಥ ಮಗು ಮನೆಯಲ್ಲೇ ಕೂತು ಓದುವುದು ಅದಕ್ಕೆ ಸಿಕ್ಕ ಅನುಕೂಲವೋ, ನಾವು ಅದನ್ನು ನಯವಾಗಿ ಹೊರಗಿಟ್ಟ ಬಗೆಯೋ? ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಸೀಮೆಸುಣ್ಣ ಹಿಡಿದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ ಎಲ್ಲ ಮಕ್ಕಳೂ ಮನೆಯಲ್ಲಿ ಕೂತರು. ಫೋನಿನಲ್ಲಿ ಪಾಠ, ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ. ಗಾಲಿಕುರ್ಚಿಯ ಹುಡುಗನಿಗೆ ಆ ದಿನಗಳಲ್ಲಿ ಮೆಟ್ಟಿಲುಗಳ ಭಯವಿರಲಿಲ್ಲ. ಮಾತು ತಡೆಯುವ ಹುಡುಗಿ ಎಲ್ಲರಿಗಿಂತ ಮೊದಲು ಉತ್ತರ ಟೈಪು ಮಾಡಿ ಕಳಿಸುತ್ತಿದ್ದಳು. ಆದರೆ ತುಟಿಯ ಚಲನೆ ನೋಡಿ ಮಾತು ತಿಳಿಯುವ ಹುಡುಗಿಗೆ ಟೀಚರ ಮುಖ ಉಗುರಿನಷ್ಟು ಚಿಕ್ಕದಾಗಿ ಕಂಡಿತು. ಕಣ್ಣು ಕಾಣದ ಹುಡುಗನ ಫೋನು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ನಿಜ. ಆದರೆ ನೋಟ್ಸಿನ ಪುಟವನ್ನು ಫೋಟೋ ತೆಗೆದು ಕಳಿಸಿದರೆ ಅದು 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಳೆಯ ಬಗೆಯ ಫಾಂಟಿನಲ್ಲಿ ಟೈಪು ಮಾಡಿದ ಕನ್ನಡವನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೆಂದು ಗೊಣಗುತ್ತದೆ. ಅದೇ ಪಾಠವನ್ನು ಯೂನಿಕೋಡಿನಲ್ಲಿ ಟೈಪು ಮಾಡಿ ಕಳಿಸಿ, ಸರಾಗವಾಗಿ ಓದುತ್ತದೆ. ಇದಕ್ಕೆ ಹಣ ಬೇಕಿಲ್ಲ, ಅರ್ಧ ಗಂಟೆಯ ತಾಳ್ಮೆ ಸಾಕು. ಹಾಗಾದರೆ ಕೊರತೆ ಇರುವುದು ಎಲ್ಲಿ? ಮಗುವಿನ ಕಣ್ಣಿನಲ್ಲೋ, ನಾವು ಕಳಿಸುವ ನೋಟ್ಸಿನಲ್ಲೋ?

ಮನೆಯಲ್ಲಿದ್ದೇ ಓದುವ ದಾರಿ ಹೊಸದಲ್ಲ. 1989ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆ ಶುರುವಾಯಿತು. ಈಗ ಅದನ್ನು ಎನ್‌ಐಓಎಸ್ ಎನ್ನುತ್ತಾರೆ. ಅಲ್ಲಿ ಹತ್ತನೆಯ ತರಗತಿಯ ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಬೇಕಿಲ್ಲ. 5 ವರ್ಷಗಳ ಅವಧಿಯಲ್ಲಿ 9 ಅವಕಾಶಗಳಿವೆ, ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಕೈ ಸ್ವಾಧೀನದಲ್ಲಿಲ್ಲದ ಮಗುವಿಗೆ ಬರೆದುಕೊಡುವವರು ಸಿಗುತ್ತಾರೆ, ಹೆಚ್ಚಿನ ಸಮಯವೂ ಸಿಗುತ್ತದೆ. ಆಗಾಗ ಆಸ್ಪತ್ರೆಗೆ ಹೋಗಬೇಕಾದ ಮಗುವಿಗೆ ಇದೊಂದು ದೊಡ್ಡ ವರ.

ಇಂಥ ಮಾತು ಬಂದಾಗಲೆಲ್ಲ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಉಳಿದ ಮಕ್ಕಳಿಗೆ ಇದು ಅನ್ಯಾಯವಲ್ಲವೇನ್ರೀ?" ಅಟ್ಟದ ಮೇಲಿನ ಡಬ್ಬಿ ಇಳಿಸಲು ಗಿಡ್ಡಗಿರುವ ಸೊಸೆಗೆ ಸ್ಟೂಲು ಕೊಟ್ಟರೆ ಎತ್ತರದ ಸೊಸೆಗೆ ಅನ್ಯಾಯವಾಯಿತೇ? ಡಬ್ಬಿ ಇಳಿಸುವುದು ತಾನೇ ಮುಖ್ಯ? ಪರೀಕ್ಷೆ ಅಳೆಯಬೇಕಾದದ್ದು ಮಗು ಕಲಿತದ್ದನ್ನು, ಬೆರಳಿನ ವೇಗವನ್ನಲ್ಲ. ಹಾಗೆಂದು ಡಬ್ಬಿಯನ್ನೇ ಇಳಿಸಿ ಕೈಗಿಡಬಾರದು. ಬರೆದುಕೊಡುವವರು ಮಗು ಹೇಳಿದ್ದನ್ನಷ್ಟೇ ಬರೆಯಬೇಕು. ಪಾಪ ಎಂದು ಹಾಕಿದ ಅಂಕ ಆ ಮಗುವಿಗೆ ಮಾಡಿದ ಅವಮಾನ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯಂತೆ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯವಿರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. 'ಆರಿಸಿಕೊಳ್ಳಬಹುದು' ಎಂಬ ಮಾತನ್ನು ಗಮನಿಸಿ. ಆಯ್ಕೆ ಮಗುವಿನದು, ಶಾಲೆಯದಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲೋ, ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕನ್ನು ಕೊಟ್ಟಿದೆ. ಆದರೆ ನಡೆಯುವುದೇನು? ನನಗೆ ಪರಿಚಯದ ತಾಯಿಯೊಬ್ಬಳು ಮಗನನ್ನು ಸೇರಿಸಲು ಹೋದಾಗ ಅಲ್ಲಿಯವರು, "ಯಾಕಮ್ಮ ಸುಮ್ಮನೆ ಕಷ್ಟ? ಈಗೆಲ್ಲಾ ಆನ್‌ಲೈನ್ ಇದೆಯಲ್ಲ, ಮನೆಯಲ್ಲೇ ಓದಿಸಿ" ಎಂದರಂತೆ. ಇದೇ ಮಾತು ತಾಯಿಯ ಬಾಯಿಂದ ಬಂದಿದ್ದರೆ ಆಯ್ಕೆ. ಶಾಲೆಯ ಬಾಯಿಂದ ಬಂದರೆ ಬಾಗಿಲು ಹಾಕಿದಂತೆ. ಮಾತು ಒಂದೇ, ಯಾರು ಆಡಿದರು ಎನ್ನುವುದರಲ್ಲೇ ಧರ್ಮ ಅಧರ್ಮ ಬೇರೆಯಾಗುತ್ತದೆ.

ಮನೆ ಶಾಲೆಯಾದರೆ ಟೀಚರು ಯಾರು? ಈ ಪ್ರಶ್ನೆಯನ್ನು ನಾವು ಹೆಂಗಸರೇ ಕೇಳಬೇಕು. ಗೃಹಾಧಾರಿತ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಮನೆಗೆ ಬರುತ್ತಾರೆ, ಆದರೆ ಪ್ರತಿದಿನ ಬರಲು ಅವರಿಂದಾಗದು. ಉಳಿದ ದಿನಗಳ ಟೀಚರು, ಆಯಾ, ಲಿಪಿಕಾರಳು ಎಲ್ಲವೂ ತಾಯಿಯೇ. ನಾನು ಹೇಳಿದ ಆ ತಾಯಿ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟು ವರ್ಷಗಳಾದವು. ಅವಳು ಮಾಡಿದ ತ್ಯಾಗವನ್ನು ನಾವು ಹೊಗಳುತ್ತೇವೆ. ಹೊಗಳುವುದು ಸುಲಭ, ಅದಕ್ಕೆ ಖರ್ಚಿಲ್ಲ. ಅವಳಿಗೆ ಬೇಕಾದದ್ದು ವಾರಕ್ಕೆ ನಾಲ್ಕು ಗಂಟೆಯ ಬಿಡುವು.

ಮನೆ ಕೊಡಲಾರದ ವಸ್ತುಗಳೂ ಇವೆ. ಪೆನ್ಸಿಲಿಗಾಗಿ ಜಗಳ, ಡಬ್ಬಿಯ ಚಿತ್ರಾನ್ನದಲ್ಲಿ ಪಾಲು, ಪಕ್ಕದವಳ ಕಿವಿಯಲ್ಲಿ ಹೇಳುವ ಗುಟ್ಟು. ಇವು ಪಠ್ಯದಲ್ಲಿಲ್ಲ, ಆದರೆ ಮನುಷ್ಯರಾಗಲು ಇವೂ ಬೇಕು. ನಷ್ಟ ಆ ಒಂದು ಮಗುವಿನದಷ್ಟೇ ಅಲ್ಲ. ಅಂಥ ಗೆಳತಿಯ ಪಕ್ಕ ಒಂದು ದಿನವೂ ಕೂರದೆ ಬೆಳೆದ ನಲವತ್ತು ಮಕ್ಕಳೇ ಮುಂದೆ ಮೆಟ್ಟಿಲುಗಳನ್ನಷ್ಟೇ ಇಟ್ಟು ಕಚೇರಿ ಕಟ್ಟಿಸುವವರು.

ಹಾಗಾದರೆ ಮನೆಯ ಓದು ಬೇಡವೇ? ಬೇಕು. ಹಾಸಿಗೆ ಬಿಟ್ಟು ಏಳಲಾರದ ಮಗುವಿಗೆ ಫೋನೇ ಕಿಟಕಿ. ಆದರೆ ಆ ಮಗು ಯಾವಾಗ ಬಯಸಿದರೂ ತರಗತಿಗೆ ಮರಳಲು ದಾರಿ ಇರಬೇಕು. ಮರಳಲಾಗದ ದಿನಗಳಲ್ಲಿ ತರಗತಿಯೇ ಅದರ ಬಳಿಗೆ ಹೋಗಬೇಕು. ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವುದು, ಬೆಳಕಿಗೆ ಮುಖ ಕೊಟ್ಟು ಮಾತಾಡುವುದು, ಶನಿವಾರ ಮಧ್ಯಾಹ್ನ ಇಬ್ಬರು ಸಹಪಾಠಿಗಳನ್ನು ಆ ಮನೆಗೆ ಕಳಿಸುವುದು, ಇದಕ್ಕೆಲ್ಲ ಯಾವ ಆದೇಶವೂ ಬರಬೇಕಾಗಿಲ್ಲ.

ಹಾಜರಿ ಪುಸ್ತಕದಲ್ಲಿ ಇಂಥ ಮಗುವಿನ ಹೆಸರು ಇರುತ್ತದೆ. ವರ್ಷದ ಕೊನೆಗೆ ತೆಗೆಸುವ ಗುಂಪು ಫೋಟೋದಲ್ಲಿ ಅದರ ಮುಖವೂ ಇದೆಯೇ? ನಿಮ್ಮ ಮಕ್ಕಳ ಶಾಲೆಯ ಫೋಟೋ ಮನೆಗೆ ಬಂದಾಗ ಒಮ್ಮೆ ಎಣಿಸಿ ನೋಡಿ.