ಶುಶ್ರೂಷೆಯ ಪ್ರಮಾಣ

ಮನೆಯಲ್ಲಿ ಮಲಗಿರುವ ಅರ್ಬುದರೋಗಿಯ ಬಳಿ ಹಗಲಿರುಳೂ ಕುಳಿತಿರುವುದೇ ಉತ್ತಮ ಶುಶ್ರೂಷೆಯೆಂದು ಲೋಕವು ಭಾವಿಸುತ್ತದೆ. ಪ್ರೀತಿಯೊಂದಿದ್ದರೆ ಸಾಲದೆ? ಸಾಲದು. ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುವುದು. ಮಾರ್ಫೀನಿನೊಡನೆ ವಿರೇಚಕವನ್ನು ಕೊಡದಿದ್ದರೆ ಮಲಬದ್ಧತೆಯು ಬಾಧಿಸುವುದು. ನರಳಾಟವನ್ನು ಕೇಳಿ ಕಣ್ಣೀರಿಡುವುದು ಪ್ರೀತಿ. ನರಳುವುದಕ್ಕೆ ಮೊದಲೇ, ವೈದ್ಯರು ವಿಧಿಸಿದಂತೆ, ಹೊತ್ತುಹೊತ್ತಿಗೆ ಔಷಧವನ್ನೀಯುವುದು ಶುಶ್ರೂಷೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸರು ಬೋಧಿಸಿದುದು ಈ ಕ್ರಮವನ್ನೇ. 1969ರಿಂದ ಅಲ್ಲಿಯವರು ರೋಗಿಗಳ ಮನೆಗಳಿಗೂ ಹೋಗತೊಡಗಿದರು. ಹಾಗೆಂದು ಅರಿಯದ ಮನೆಯವರನ್ನು ದೂಷಿಸುವುದು ನ್ಯಾಯವಲ್ಲ. ಕಲಿಸದೆ ಹೊರೆಯನ್ನು ಹೊರಿಸಿದ ಸಮಾಜವೇ ಋಣಿ. ಆ ಋಣವು ತೀರಿತೆ ಎಂಬುದಕ್ಕೆ ನೆರೆಯವರ ಹೊಗಳಿಕೆಯು ಸಾಕ್ಷಿಯಲ್ಲ. ನೋವು ತಗ್ಗಿತೆಂದು ರೋಗಿಯು ಆಡುವ ಮಾತೊಂದೇ ಪ್ರಮಾಣವು.