ಕಣ್ಣಿನ ಸಾಕ್ಷಿ

“ನಾನು ಕಣ್ಣಾರೆ ಕಂಡಿದ್ದೇನೆ” ಎಂದು ಒಬ್ಬನು ಹೇಳಿದ ಮೇಲೆ ವಾದವು ಮುಗಿಯಬೇಕೆಂಬುದು ಲೋಕದ ರೂಢಿ. ನ್ಯಾಯಸ್ಥಾನದಲ್ಲಿಯೂ ಊರಿನ ಕಟ್ಟೆಯ ಮೇಲೆಯೂ ಶಾಲೆಯ ಜಗಲಿಯಲ್ಲಿಯೂ ಇದಕ್ಕೆ ಮಿಗಿಲಾದ ಪ್ರಮಾಣವನ್ನು ನಾವು ಕೇಳುವುದಿಲ್ಲ. ಆದರೆ ಇಬ್ಬರು ಒಂದೇ ವಸ್ತುವನ್ನು ಒಂದೇ ಹೊತ್ತಿನಲ್ಲಿ ಪಕ್ಕಪಕ್ಕದಲ್ಲಿ ನಿಂತು ಕಣ್ಣಾರೆ ಕಂಡು ಎರಡು ಬಗೆಯಾಗಿ ಹೇಳಿದರೆ ಏನು ಮಾಡತಕ್ಕದ್ದು? ಅವರಲ್ಲೊಬ್ಬನು ಸುಳ್ಳುಗಾರನೆಂದು ತೀರ್ಮಾನಿಸಬೇಕೆ? ಈ ಪ್ರಶ್ನೆಯ ವಿಚಾರಕ್ಕಾಗಿ ನಾನು ಆರಿಸಿಕೊಂಡ ಉದಾಹರಣೆ ತೀರ ಕ್ಷುಲ್ಲಕವಾದುದು. ಒಂದು ಉಡುಗೆಯ ಬಣ್ಣ, ಅಷ್ಟೆ. ಅದರಲ್ಲಿ ಯಾರ ಜಾತಿಯ, ಪಕ್ಷದ, ಆಸ್ತಿಯ ಗೊಡವೆಯೂ ಇಲ್ಲವಾದುದರಿಂದ ವಿಚಾರಕ್ಕೆ ಅದು ಅನುಕೂಲವಾಗಿದೆ.

2015ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ ಈ ಸಂಗತಿ ಲೋಕಕ್ಕೆ ತಿಳಿಯಿತು. ಸ್ಕಾಟ್‌ಲೆಂಡಿನ ಕಾಲನ್ಸೇ ಎಂಬ ಚಿಕ್ಕ ದ್ವೀಪದಲ್ಲಿ ಒಂದು ಮದುವೆ. ವಧುವಿನ ತಾಯಿಯು ಮದುವೆಗೆಂದು ನೋಡಿದ್ದ ಉಡುಗೆಯ ಚಿತ್ರವೊಂದನ್ನು ತೆಗೆದು ಮಗಳಿಗೆ ಕಳುಹಿಸಿದ್ದಳು. ಅದರ ಬಣ್ಣ ಯಾವುದೆಂಬಲ್ಲಿ ವಧೂವರರಿಗೇ ಒಮ್ಮತ ಬರಲಿಲ್ಲ. ಬಿಳಿಯ ಬಟ್ಟೆಗೆ ಚಿನ್ನದ ಬಣ್ಣದ ಪಟ್ಟಿ ಎಂದು ಒಬ್ಬರು, ನೀಲಿಯ ಬಟ್ಟೆಗೆ ಕಪ್ಪು ಪಟ್ಟಿ ಎಂದು ಇನ್ನೊಬ್ಬರು. ಮದುವೆಯಲ್ಲಿ ವಾದ್ಯ ನುಡಿಸಿದ ಗೆಳತಿಯೊಬ್ಬಳು ಆ ಚಿತ್ರವನ್ನು ಟಂಬ್ಲರ್ ಎಂಬ ಜಾಲತಾಣದಲ್ಲಿ ಹಾಕಿ ಜನರ ಅಭಿಪ್ರಾಯವನ್ನು ಕೇಳಿದಳು. ಕೆಲವೇ ದಿನಗಳಲ್ಲಿ ಕೋಟಿಗಟ್ಟಲೆ ಜನ ಅದನ್ನು ನೋಡಿದರು. ನೋಡಿದವರೆಲ್ಲ ಜಗಳಕ್ಕೆ ನಿಂತರು. ಅಮೇರಿಕದ ಗಾಯಕಿ ಟೇಲರ್ ಸ್ವಿಫ್ಟ್ ನೀಲಿ-ಕಪ್ಪಿನ ಪಕ್ಷ. ಟೆಲಿವಿಷನ್ ತಾರೆ ಕಿಮ್ ಕಾರ್ಡಶಿಯನ್ ಬಿಳಿ-ಚಿನ್ನದ ಪಕ್ಷ. ಆಕೆಯ ಆಗಿನ ಪತಿ ಕಾನ್ಯೆ ವೆಸ್ಟ್ ಎದುರು ಪಕ್ಷ. ಉಡುಗೆಯನ್ನು ಮಾರುತ್ತಿದ್ದ ಬರ್ಮಿಂಗ್‌ಹ್ಯಾಮಿನ ರೋಮನ್ ಒರಿಜಿನಲ್ಸ್ ಎಂಬ ಸಂಸ್ಥೆಯವರು ಕೊನೆಗೆ ತಿಳಿಸಿದರು: ಉಡುಗೆ ನೀಲಿ ಮತ್ತು ಕಪ್ಪು, ಬಿಳಿ-ಚಿನ್ನದ್ದನ್ನು ತಾವು ಮಾಡಿಯೇ ಇಲ್ಲ.

ಇದು ಹೇಗಾಯಿತೆಂಬುದನ್ನು ಅರಿಯಲು ನಮ್ಮ ಜವಳಿ ಅಂಗಡಿಗಳ ಒಂದು ಪದ್ಧತಿಯನ್ನು ನೆನೆದರೆ ಸಾಕು. ಸೀರೆ ಕೊಳ್ಳಲು ಹೋದ ಹೆಂಗಸರು ದೀಪದ ಬೆಳಕಿನಲ್ಲಿ ಬಣ್ಣವನ್ನು ನಂಬುವುದಿಲ್ಲ. ಸೀರೆಯನ್ನು ಬಾಗಿಲಿನ ತನಕ ಒಯ್ದು ಹಗಲಿನ ಬೆಳಕಿಗೆ ಹಿಡಿದು ನೋಡುತ್ತಾರೆ. ವಸ್ತುವಿನಿಂದ ಕಣ್ಣಿಗೆ ಬರುವ ಬೆಳಕಿನಲ್ಲಿ ಅದರ ಸ್ವಂತ ಬಣ್ಣವೂ ಅದರ ಮೇಲೆ ಬಿದ್ದ ಬೆಳಕಿನ ಬಣ್ಣವೂ ಬೆರೆತಿರುತ್ತವೆ. ಬಿದ್ದ ಬೆಳಕು ಎಂತಹದೆಂದು ಮಿದುಳು ಊಹಿಸಿ, ಆ ಪಾಲನ್ನು ಕಳೆದು, ಉಳಿದುದನ್ನು ವಸ್ತುವಿನ ಬಣ್ಣವೆಂದು ನಮಗೆ ಒಪ್ಪಿಸುತ್ತದೆ. ಹೀಗಿರುವುದರಿಂದಲೇ ಬಿಳಿಯ ಕಾಗದವು ಸಂಜೆಯಲ್ಲಿಯೂ ನೆರಳಿನಲ್ಲಿಯೂ ಬಿಳಿಯಾಗಿಯೇ ಕಾಣುತ್ತದೆ. ಆ ಚಿತ್ರದಲ್ಲಿ ಬೆಳಕಿನ ಸುಳಿವು ಅಸ್ಪಷ್ಟವಾಗಿತ್ತು. ಉಡುಗೆ ನೆರಳಿನಲ್ಲಿದೆ, ಅದರ ಮೇಲಿರುವುದು ಆಕಾಶದ ನೀಲಿ ಛಾಯೆ ಎಂದು ಊಹಿಸಿದ ಮಿದುಳು ನೀಲಿಯನ್ನು ಕಳೆಯಿತು, ಬಿಳಿ ಉಳಿಯಿತು. ದೀಪದ ಹಳದಿ ಬೆಳಕೆಂದು ಊಹಿಸಿದ ಮಿದುಳು ಹಳದಿಯನ್ನು ಕಳೆಯಿತು, ನೀಲಿ ಉಳಿಯಿತು. ಯಜಮಾನನಿಗೆ ತಿಳಿಸದೆಯೇ ಲೆಕ್ಕ ಮುಗಿಸುವ ಗುಮಾಸ್ತನಂತೆ ಮಿದುಳು ಇದನ್ನು ನಡೆಸುತ್ತದೆ.

ವಿಜ್ಞಾನಿಗಳು ಇದನ್ನು ಹಗುರವಾಗಿ ಕಾಣಲಿಲ್ಲ. 2015ರಲ್ಲಿಯೇ ಪ್ರಕಟವಾದ ಒಂದು ಅಧ್ಯಯನದಲ್ಲಿ 1,401 ಮಂದಿಯನ್ನು ಕೇಳಲಾಗಿ, ನೂರಕ್ಕೆ 57 ಜನ ನೀಲಿ-ಕಪ್ಪೆಂದೂ 30 ಜನ ಬಿಳಿ-ಚಿನ್ನವೆಂದೂ 11 ಜನ ನೀಲಿ-ಕಂದು ಎಂದೂ ಹೇಳಿದರು. ಪಾಸ್ಕಲ್ ವಾಲಿಶ್ ಎಂಬವರು ಸುಮಾರು 13,000 ಜನರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂಜಾನೆ ಬೇಗ ಏಳುವವರಿಗೆ ಬಿಳಿಯಾಗಿ ಕಾಣುವ ಸಾಧ್ಯತೆ ಹೆಚ್ಚು, ರಾತ್ರಿ ಬಹಳ ಹೊತ್ತು ಎಚ್ಚರವಿರುವವರಿಗೆ ಕಡಮೆ ಎಂದು ತಿಳಿದುಬಂದಿತು. ಸೂರ್ಯನ ಬೆಳಕನ್ನು ಬಳಸಿದವನು ಸೂರ್ಯನನ್ನು ಊಹಿಸುತ್ತಾನೆ. ದೀಪವನ್ನು ಬಳಸಿದವನು ದೀಪವನ್ನು ಊಹಿಸುತ್ತಾನೆ.

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಇಂತಹ ಸಂದರ್ಭದಲ್ಲಿ ನಮ್ಮವರು ಕೂಡಲೇ ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆಯನ್ನು ಹೇಳಿ, ಅವರವರ ಮಟ್ಟಿಗೆ ಎಲ್ಲರೂ ಸರಿ ಎಂದು ರಾಜಿ ಮಾಡಿಸುವುದುಂಟು. ಈ ರಾಜಿ ನನಗೆ ಒಪ್ಪಿಗೆಯಾಗುವುದಿಲ್ಲ. ಆ ಕಥೆಯಲ್ಲಿ ಒಬ್ಬೊಬ್ಬನಿಗೂ ಸಿಕ್ಕಿದ್ದು ಆನೆಯ ಒಂದೊಂದು ಭಾಗ. ಇಲ್ಲಿ ಎಲ್ಲರಿಗೂ ಸಿಕ್ಕಿದ್ದು ಒಂದೇ ಪೂರ್ಣ ಚಿತ್ರ. ಮೇಲಾಗಿ ಇಲ್ಲಿ ಸತ್ಯವು ಒಂದೇ: ಉಡುಗೆ ನೀಲಿ. ಜಗಳಕ್ಕೆ ಹೆದರಿ ಎಲ್ಲರೂ ಸರಿ ಎಂದುಬಿಟ್ಟರೆ ಸತ್ಯಕ್ಕೂ ಅನ್ಯಾಯ, ಸತ್ಯವನ್ನು ಹುಡುಕಿ ಹೊರಟವರಿಗೂ ಅನ್ಯಾಯ.

ಹಾಗಾದರೆ ಹಗ್ಗವನ್ನು ಹಾವೆಂದು ಕಂಡ ದೃಷ್ಟಾಂತವು ಸರಿಹೊಂದುವುದೇ? ಅದೂ ಸಾಲದು. ದೀಪ ತಂದು ತೋರಿಸಿದರೆ ಹಾವು ಮಾಯವಾಗುತ್ತದೆ. ಬಿಳಿಯ ಉಡುಗೆಯಾದರೋ ನಿಜ ತಿಳಿದ ಮೇಲೆಯೂ ಅನೇಕರಿಗೆ ಬಿಳಿಯಾಗಿಯೇ ಉಳಿಯಿತು. ನಮ್ಮ ದರ್ಶನಕಾರರು ಇದಕ್ಕೆ ಹತ್ತಿರದ ಇನ್ನೊಂದು ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅದು ಪೀತಶಂಖ. ಕಾಮಾಲೆಯವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುತ್ತದೆ. ಶಂಖ ಬಿಳಿಯೆಂದು ಚೆನ್ನಾಗಿ ಬಲ್ಲವನಾದರೂ ಅವನಿಗೆ ತೋರುವುದು ಹಳದಿಯೇ. ಆದರೆ ಅಲ್ಲಿ ದೋಷವು ರೋಗದ್ದು. ಉಡುಗೆಯ ಚಿತ್ರದಲ್ಲಿ ತಪ್ಪಿದವರು ನಮ್ಮಂತೆಯೇ ಆರೋಗ್ಯವಂತರು. ದಿನನಿತ್ಯ ಅವರಿಗೆ ಸರಿಯಾದುದನ್ನು ತೋರಿಸುವ ಶಕ್ತಿಯೇ ಅಂದು ತಪ್ಪನ್ನು ತೋರಿಸಿತು. ಅವರನ್ನು ಕುರುಡರೆನ್ನುವುದು ಸುಳ್ಳು, ಸುಳ್ಳುಗಾರರೆನ್ನುವುದು ಪಾಪ.

ಸರಿಯಾಗಿ ಕಂಡವರ ಮಾತನ್ನೂ ಆಡಬೇಕು. ಅವರು ಅಂದು ಬಹಳ ಹೆಮ್ಮೆಪಟ್ಟರು. ಆದರೆ ಅವರು ಪಟ್ಟ ಶ್ರಮವೇನು? ಬಟ್ಟೆಯನ್ನು ಮುಟ್ಟಲಿಲ್ಲ, ಅಂಗಡಿಯವನನ್ನು ಕೇಳಲಿಲ್ಲ. ಊಹೆ ತಪ್ಪಿದವನಿಗೆ ಇಲ್ಲದ ಯಾವ ಗುಣವೂ ಊಹೆ ತಾಗಿದವನಲ್ಲಿ ಇರಲಿಲ್ಲ. ಜಾಲತಾಣಗಳಲ್ಲಿ ಸಿನೆಮಾದಿಂದ ಹಿಡಿದು ಸಾಂಬಾರಿನ ತನಕ ನಾವು ಹಂಚುವ ಅಭಿಪ್ರಾಯಗಳಲ್ಲಿ ಹೆಚ್ಚಿನವು ಈ ಜಾತಿಯವೇ ಎಂದು ನನ್ನ ಭಾವನೆ: ಸರಿಯಾದರೂ ನಮ್ಮ ಸಂಪಾದನೆಯಲ್ಲ.

ಈ ಚಿತ್ರವನ್ನು ಏಳನೆಯ ತರಗತಿಯಲ್ಲಿ ತೋರಿಸಿದಾಗ ತರಗತಿಯು ಎರಡು ಹೋಳಾಯಿತು. “ನಿನಗೆ ಕಣ್ಣು ಕಾಣುವುದಿಲ್ಲವೋ?” ಎಂಬಲ್ಲಿಗೆ ಮಾತು ಮುಟ್ಟಿತು. ನಿಜವನ್ನು ತಿಳಿಸಿದ ಬಳಿಕ ಒಬ್ಬ ಹುಡುಗಿ ಎದ್ದು, “ಟೀಚರೇ, ನನಗೆ ಈಗಲೂ ಬಿಳಿಯೇ ಕಾಣುವುದು. ಪರೀಕ್ಷೆಗೆ ಬಂದರೆ ಏನು ಬರೆಯಬೇಕು?” ಎಂದು ಕೇಳಿದಳು. ಉಳಿದವರು ನಕ್ಕರು. ದರ್ಶನಶಾಸ್ತ್ರದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದುದನ್ನು ನಾನು ಕೇಳಿಲ್ಲ. “ಉಡುಗೆ ನೀಲಿ, ನನಗೆ ಬಿಳಿಯಾಗಿ ಕಾಣುತ್ತದೆ ಎಂದು ಎರಡು ವಾಕ್ಯ ಬರೆ” ಎಂದು ಹೇಳಿದೆ. ಮೊದಲನೆಯದನ್ನು ಮಾತ್ರ ಬರೆಯೆಂದರೆ ಮಗುವಿಗೆ ತನ್ನ ಅನುಭವವನ್ನು ಮುಚ್ಚಿಡಲು ಕಲಿಸಿದಂತೆ. ಎರಡನೆಯದು ಮಾತ್ರ ಸಾಕೆಂದರೆ ಅನುಭವವನ್ನೇ ಸತ್ಯವೆಂದು ನಂಬಲು ಕಲಿಸಿದಂತೆ. ಕಾಣುವುದನ್ನು ಬದಲಿಸುವುದು ಅವಳ ಕೈಯಲ್ಲಿಲ್ಲ. ಆಡುವ ಮಾತು ಅವಳ ಕೈಯಲ್ಲಿದೆ, ಅದಕ್ಕೆ ಮಾತ್ರ ಅವಳು ಹೊಣೆ.

ಆದರೆ ಎಲ್ಲ ಕಾಣ್ಕೆಗೂ ಇಷ್ಟು ಸುಲಭವಾಗಿ ಕ್ಷಮೆ ಕೊಡಬಹುದೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ. ಅದೇ 2015ರ ಮಾರ್ಚಿಯಲ್ಲಿ ಸಾಲ್ವೇಶನ್ ಆರ್ಮಿಯ ದಕ್ಷಿಣ ಆಫ್ರಿಕದ ಶಾಖೆಯವರು ಒಂದು ಜಾಹೀರಾತನ್ನು ಹೊರಡಿಸಿದರು. ಅದರಲ್ಲಿ ಹೆಂಗಸೊಬ್ಬಳು ಬಿಳಿ-ಚಿನ್ನದ ಅಂತಹದೇ ಉಡುಗೆಯನ್ನು ತೊಟ್ಟಿದ್ದಾಳೆ. ಅವಳ ಮೈಮೇಲೆ ಹೊಡೆತದ ಗುರುತುಗಳು. ಪೆಟ್ಟು ತಿಂದು ಕಂದಿದ ಮೈಗೆ ಇಂಗ್ಲಿಷಿನವರು ಕಪ್ಪು-ನೀಲಿ ಎನ್ನುತ್ತಾರೆ. ಆ ಕಪ್ಪು-ನೀಲಿ ನಿಮಗೇಕೆ ಕಾಣುವುದಿಲ್ಲ ಎಂಬುದೇ ಜಾಹೀರಾತಿನ ಪ್ರಶ್ನೆ.

ಇಲ್ಲಿಯೂ ಕಣ್ಣನ್ನು ನಡೆಸುವುದು ಊಹೆಯೇ. ನೆರೆಮನೆಯಿಂದ ಕೇಳಿಬಂದ ಅಳುವನ್ನು ಸಂಸಾರದ ಮಾತೆಂದು ಊಹಿಸಿ ಬಳಸಿದವನಿಗೆ ಮರುದಿನ ಆ ಹೆಂಗಸಿನ ಕೆನ್ನೆಯ ಗುರುತು ಕಾಣಿಸದು. ಬೆಳಗ್ಗೆ ಬೇಗ ಏಳುವವನು ಬೆಳಕಿನ ಊಹೆಯನ್ನು ಬೇಕೆಂದು ಕಲಿತವನಲ್ಲ. ನೆರೆಮನೆಯವನ ಊಹೆಯಾದರೋ ಅವನಿಗೆ ಅನುಕೂಲವಾದುದು. ಅದು ಅವನನ್ನು ಎದ್ದು ಹೋಗಿ ಬಾಗಿಲು ತಟ್ಟುವ ಕಷ್ಟದಿಂದ ಪಾರುಮಾಡುತ್ತದೆ. ಆ ರೂಢಿಯೂ ಅವನಿಗೆ ತಂದೆತಾಯಿಗಳಿಂದ ಬಂದುದಾಗಿರಬಹುದೆಂದು ಯಾರಾದರೂ ಹೇಳಿದರೆ ನಾನು ಪೂರ್ತಿಯಾಗಿ ಅಲ್ಲಗಳೆಯಲಾರೆ. ಆದರೂ ಮಗುವೊಂದು ಅಂಗಿಯ ತೋಳನ್ನು ಕೆಳಕ್ಕೆಳೆದುಕೊಳ್ಳುತ್ತ “ಬಿದ್ದೆ” ಎಂದಾಗ, ಆ ಮಾತನ್ನು ನಂಬಿ ಹಾಜರಿ ಪುಸ್ತಕದಲ್ಲಿ ಮುಂದಿನ ಹೆಸರಿಗೆ ಹೋಗುವ ಅಧ್ಯಾಪಕರಿಗೆ ಉಡುಗೆಯ ವಿಷಯದಲ್ಲಿ ಕೊಟ್ಟ ಕ್ಷಮೆಯನ್ನು ಕೊಡಲು ನನಗೆ ಮನಸ್ಸು ಬರುವುದಿಲ್ಲ.