ನೀರು ನೋಡುವ ಕೆಲಸ

ಹೊಸೂರಿನ ಸಿಪ್ಕಾಟ್ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಪಾಳಿ ದುಡಿದು ನಿವೃತ್ತರಾದವರೊಬ್ಬರು, ಬಣ್ಣ ಕುಂಚ ಹಿಡಿದು ಕೆಲವರಪಳ್ಳಿ ಅಣೆಕಟ್ಟೆಯ ಕಡೆ ಹೊರಟರು ಎಂದಿಟ್ಟುಕೊಳ್ಳಿ. ಆ ಊರಲ್ಲಿ ಕನ್ನಡ, ತೆಲುಗು, ತಮಿಳು ಮೂರರಲ್ಲೂ ಒಂದೇ ಪ್ರಶ್ನೆ ಬರುತ್ತದೆ: “ಈ ವಯಸ್ಸಲ್ಲಿ ಶುರು ಮಾಡಿ ಯಾವಾಗ ಕಲಿಯೋದು, ಯಾವಾಗ ಹೆಸರು ಮಾಡೋದು?” ಇದರಲ್ಲಿ ಕುಹಕವಿಲ್ಲ, ಲೆಕ್ಕಾಚಾರವಿದೆ. ಆ ಲೆಕ್ಕ ಎಲ್ಲಿಯವರೆಗೆ ಸರಿ ಎಂದು ತಿಳಿಯಲು ಅರಿಸ್ಟಾಟಲ್ ನೆರವಿಗೆ ಬರುತ್ತಾನೆ.

‘ಮೆಟಫಿಸಿಕ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಅವನು ಕ್ರಿಯೆಗಳನ್ನು ಎರಡು ಬಗೆಯಾಗಿ ನೋಡುತ್ತಾನೆ. ಮನೆ ಕಟ್ಟುವುದನ್ನು ತೆಗೆದುಕೊಳ್ಳಿ. ಕಟ್ಟುತ್ತಿರುವಷ್ಟು ದಿನ ಮನೆ ಆಗಿರುವುದಿಲ್ಲ, ಮನೆಯಾದ ದಿನ ಕಟ್ಟುವುದು ಮುಗಿದಿರುತ್ತದೆ. ಗುರಿ ಇರುವುದು ಕೊನೆಯಲ್ಲಿ. ನಡುವೆ ನಿಂತರೆ ಎಲ್ಲವೂ ಅರೆಬರೆ. ಇಂಥದ್ದು ಕಿನೇಸಿಸ್. ನೋಡುವುದು ಹಾಗಲ್ಲ. ನೋಡುತ್ತಿರುವಾಗಲೇ ನೋಡಿಯೂ ಆಗಿರುತ್ತದೆ. ಇನ್ನರ್ಧ ಗಂಟೆ ಕಳೆದರೆ ಮಾತ್ರ ನೋಟ ಪೂರ್ತಿಯಾದೀತು ಎನ್ನುವಂತಿಲ್ಲ. ಅರಿಯುವುದು, ಚೆನ್ನಾಗಿ ಬಾಳುವುದು ಕೂಡ ಈ ಗುಂಪಿನವೇ. ಫಲವನ್ನು ತನ್ನೊಳಗೇ ಇಟ್ಟುಕೊಂಡ ಇಂಥ ಕ್ರಿಯೆಯನ್ನು ಅವನು ಎನರ್ಗೇಯಾ ಎಂದ. ‘ತಡವಾಯಿತು’ ಎಂಬ ಮಾತು ಮನೆ ಕಟ್ಟುವವರಿಗೆ ತಾಗುತ್ತದೆ, ನೋಡುವವರಿಗೆ ತಾಗುವುದಿಲ್ಲ.

ಚಿತ್ರ ಬರೆಯುವುದು ಇವೆರಡರಲ್ಲಿ ಯಾವುದು? ಅರಿಸ್ಟಾಟಲನನ್ನೇ ಕೇಳಿದ್ದರೆ ಮೊದಲನೆಯದು ಎನ್ನುತ್ತಿದ್ದನೇನೋ. ಕೊನೆಗೆ ಕೈಗೆ ಬರುವ ಚಿತ್ರವೂ ಒಂದು ವಸ್ತುವೇ ತಾನೆ. ಇಲ್ಲಿ ನನಗೆ ಅವನೊಡನೆ ಸಣ್ಣ ತಕರಾರಿದೆ. ನೀರಿನ ಎದುರು ಕೂತವರಿಗೆ ನೀರಿನ ಬಣ್ಣ ಎಂಬುದು ಬಹುಮಟ್ಟಿಗೆ ಸಿಗುವುದೇ ಇಲ್ಲ. ಸಿಗುವುದು ಮೋಡದ ಬೂದು, ದಡದ ಹಸಿರು, ತಳದ ಕೆಸರು, ಗಾಳಿಗೆ ಒಡೆದ ಬೆಳಕು. ನೀರು ನೀಲಿ ಎಂದು ಶಾಲೆಯಲ್ಲಿ ಬಳಿದದ್ದನ್ನು ಮರೆತು ಕಣ್ಣು ಮತ್ತೆ ಕೆಲಸಕ್ಕಿಳಿಯಬೇಕು. ಕೈ ಒಂದು ವಸ್ತುವನ್ನು ಮಾಡುತ್ತಿರುವ ಹೊತ್ತಿಗೇ ಕಣ್ಣಿನ ಕೆಲಸವೂ ನಡೆದಿರುತ್ತದೆ. ಸಂಜೆಗೆ ಕಾಗದ ಹರಿದು ಎಸೆದರೂ ನೋಡಿದ್ದು ವ್ಯರ್ಥವಾಗಲಿಲ್ಲ.

ಹಾಗೆಂದು ಇದನ್ನು ಟೈಂಪಾಸ್ ಎಂದುಕೊಳ್ಳಬಾರದು. ಕಲಿಯುವುದನ್ನು ಅರಿಸ್ಟಾಟಲ್ ಕಿನೇಸಿಸ್ ಗುಂಪಿಗೇ ಸೇರಿಸಿದ್ದಾನೆ. ಕೈ ಪಳಗಲು ವರ್ಷಗಳು ಬೇಕು, ಪ್ರದರ್ಶನಕ್ಕೆ, ಬೆಲೆಗೆ, ಹೆಸರಿಗೆ ಇನ್ನಷ್ಟು ಬೇಕು. ಅಲ್ಲಿ ವಯಸ್ಸು ಅಡ್ಡ ಬರುವುದು ನಿಜ. ಆದರೂ ದಕ್ಕಿಸಿಕೊಂಡವರಿದ್ದಾರೆ. ರವೀಂದ್ರನಾಥ ಠಾಕೂರರ ಚಿತ್ರಗಳು 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡಾಗ ಅವರಿಗೆ ಎಪ್ಪತ್ತು ಸಮೀಪಿಸಿತ್ತು. ನಮ್ಮ ರುಮಾಲೆ ಚನ್ನಬಸವಯ್ಯ (1910–1988) ಎಳವೆಯಲ್ಲಿ ಚಿತ್ರಕಲೆ ಕಲಿತವರು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಂದು ಅದನ್ನು ಬದಿಗಿಟ್ಟು ಐವತ್ತು ದಾಟಿದ ಮೇಲೆ ಮರಳಿ ಕುಂಚ ಹಿಡಿದರು. ಬೆಂಗಳೂರಿನ ಹೂಬಿಟ್ಟ ಮರಗಳು ಇಂದು ನಮಗೆ ಅವರ ಚಿತ್ರಗಳಲ್ಲಿ ಉಳಿದಿವೆ. ಕೈ ಬಿಡುವಾಗಿದ್ದ ಅಷ್ಟು ವರ್ಷ ಅವರ ಕಣ್ಣೂ ಬಿಡುವಾಗಿತ್ತೆಂದು ನನಗನ್ನಿಸುವುದಿಲ್ಲ.

ಇನ್ನು, ನೋಡುವುದೆಂದರೆ ಚೆಲುವನ್ನು ಸವಿಯುವುದು ಎಂದುಕೊಂಡವರನ್ನು ಕೆಲವರಪಳ್ಳಿಯೇ ತಿದ್ದುತ್ತದೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ, ತಮಿಳರ ತೆನ್‌ಪೆಣ್ಣೈ, ಕೃಷ್ಣಗಿರಿ ಅಣೆಕಟ್ಟೆ ಸೇರುವ ಮೊದಲು ಬೆಂಗಳೂರಿನ ಕೊಳಚೆ ಹೊತ್ತು ಇಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ನೀರು ಹೊರಬಿಟ್ಟಾಗ ರಾಶಿ ರಾಶಿ ನೊರೆ ಏಳುತ್ತದೆ. ನದಿಯನ್ನು ಬರೆಯುವವರು ಅದನ್ನೂ ಬರೆಯಬೇಕು. ಜಲವರ್ಣದಲ್ಲಿ ಬಿಳಿಯನ್ನು ಹಚ್ಚುವುದಕ್ಕಿಂತ ಕಾಗದವನ್ನೇ ಖಾಲಿ ಬಿಡುವುದು ಹಳೆಯ ರೂಢಿ. ಹಾಗಾಗಿ ಮೊದಲ ಬಣ್ಣ ಇಳಿಯುವ ಮುನ್ನವೇ ನೊರೆಯ ಅಂಚು ಎಲ್ಲೆಂದು ಕಣ್ಣು ತೀರ್ಮಾನಿಸಿರಬೇಕು. ಆಮೇಲೆ ಸರಿಪಡಿಸೋಣವೆಂದರೆ ಕೈಗೆ ಅದು ಸುಲಭವಾಗಿ ಆಗುವ ಕೆಲಸವಲ್ಲ.